ಪರಿಷೆಯಲ್ಲಿ ಕೊಂಡ ವಿಡಿಯೋ ಗೇಮ್ ಎಲ್ಲಿ ಹೋಯಿತು?

ಹೋದ ತಿಂಗಳು ಅಟ್ಟ ಗುಡಿಸುವಾಗ ಹಳೇ ಟ್ರಂಕಿನಲ್ಲಿ ಒಂದು ಬೂದು ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ ಸಿಕ್ಕಿತು. ಅಂಗೈಗಿಂತ ತುಸು ಉದ್ದ. ಮೇಲೊಂದು ಚಿಕ್ಕ ಪರದೆ, ಕೆಳಗೆ ಹಳದಿ ಗುಂಡಿಗಳು. ಪರದೆಯ ಪಕ್ಕದಲ್ಲಿ '9999 ಇನ್ 1' ಅಂತ ಇಂಗ್ಲಿಷಿನಲ್ಲಿ ಬರೆದಿತ್ತು.

ಅಕ್ಕನ ಮಗ, ಒಂಬತ್ತು ವರ್ಷದವನು, ಅದನ್ನು ಕೈಗೆತ್ತಿಕೊಂಡು ಪರದೆಯ ಮೇಲೆ ಬೆರಳು ಎಳೆದ. ಏನೂ ಆಗಲಿಲ್ಲ. ಇನ್ನೊಂದು ಸಲ ಎಳೆದ.

"ಮಾಮ, ಇದು ಕೆಟ್ಟೋಗಿದೆ" ಅಂದ.

ಕೆಟ್ಟಿರಲಿಲ್ಲ. ಅದರಲ್ಲಿ ಸೆಲ್ ಇರಲಿಲ್ಲ. ಮತ್ತೆ ಅದು ಬೆರಳು ಎಳೆದರೆ ಓಡುವ ಕಾಲದ್ದೂ ಅಲ್ಲ.

ನಿಮ್ಮಲ್ಲಿ ಮೂವತ್ತು ದಾಟಿದವರಿಗೆ ಈ ಪೆಟ್ಟಿಗೆ ಗೊತ್ತು. ಜಾತ್ರೆಯಲ್ಲಿ, ಸಂತೆಯಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ ನೇತಾಡುತ್ತಿತ್ತು. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ, ಸಾಲಾಗಿ ಜೋಡಿಸಬೇಕು, ಒಂದು ಸಾಲು ತುಂಬಿದರೆ ಅದು ಮಾಯ. ನಾವು ಅದನ್ನು 'ವಿಡಿಯೋ ಗೇಮ್' ಅನ್ನುತ್ತಿದ್ದೆವು. ಕೈಯಲ್ಲಿ ಹಿಡಿದು ಆಡುವ ಇಂಥ ಯಂತ್ರಗಳಲ್ಲಿ ದುಬಾರಿಯವೂ ಇದ್ದವು, ಅಗ್ಗದವೂ ಇದ್ದವು. ಇಪ್ಪತ್ತು ವರ್ಷದ ಹಿಂದೆ ಜಗತ್ತಿನಾದ್ಯಂತ ಕೋಟಿಗಟ್ಟಲೆ ಮಾರುತ್ತಿದ್ದವು. ಆಮೇಲೆ ಮಾರಾಟ ಕುಸಿಯಿತು. ಕುಸಿದದ್ದು ಹೇಗೆ, ಅದರ ಜೊತೆ ನಮ್ಮ ಕೈಯಿಂದ ಇನ್ನೇನು ಹೋಯಿತು ಅನ್ನುವುದೇ ಈ ಬರಹ.

ಕಡಲೆಕಾಯಿ ದುಡ್ಡಿನಲ್ಲಿ ಬಂದದ್ದು

2001ರ ಕಾರ್ತಿಕ. ಅಪ್ಪ ಮಾಗಡಿ ಕಡೆಯ ನಮ್ಮೂರಿನಿಂದ ನಾಲ್ಕು ಚೀಲ ಕಡಲೆಕಾಯಿ ಹಾಕಿಕೊಂಡು ಬೆಂಗಳೂರಿನ ಬಸವನಗುಡಿ ಪರಿಷೆಗೆ ಹೊರಟರು. ಹಟ ಮಾಡಿ ನಾನೂ ಅಕ್ಕನೂ ಅದೇ ಟೆಂಪೋ ಹತ್ತಿದೆವು.

ಕಾರ್ತಿಕ ಮಾಸದ ಕೊನೆಯ ಸೋಮವಾರದ ಈ ಪರಿಷೆ ನಮ್ಮಂಥ ಊರುಗಳಿಗೆ ಹೊಸದಲ್ಲ. ಬಸವನಗುಡಿಯ ಜಾಗದಲ್ಲಿ ಹಿಂದೆ ಸುಂಕೇನಹಳ್ಳಿ ಅನ್ನುವ ಊರಿತ್ತು, ಸುತ್ತಲೂ ಕಡಲೆಕಾಯಿ ಹೊಲಗಳಿದ್ದವು, ಬಸವ ಬಂದು ಬೆಳೆ ಮೇಯುತ್ತಿತ್ತು, ಮೊದಲ ಬೆಳೆ ನಿನಗೇ ಕೊಡುತ್ತೇವೆ ಅಂತ ರೈತರು ಹರಕೆ ಹೊತ್ತರು ಅನ್ನುವ ಕಥೆ ಇದೆ. ಗುಡಿ ಕಟ್ಟಿಸಿದ್ದು ಕೆಂಪೇಗೌಡರು ಅನ್ನುತ್ತಾರೆ. ಹೊಲಗಳು ಹೋಗಿ ಬಡಾವಣೆ ಬಂತು. 1892ರಲ್ಲಿ ಚಾಮರಾಜಪೇಟೆ ಎದ್ದಿತ್ತು. 1898ರ ಪ್ಲೇಗಿನ ನಂತರ ಹಳೇ ಪೇಟೆಯ ಇಕ್ಕಟ್ಟು ಬಿಟ್ಟು ಬಂದ ಜನರಿಂದ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡವು. ಹೊಲ ಹೋದರೂ ಹರಕೆ ಉಳಿಯಿತು. ಇವತ್ತಿಗೂ ಮಾಗಡಿ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ರೈತರು ಚೀಲ ಹೊತ್ತು ಬರುತ್ತಾರೆ.

ಪರಿಷೆ ಅಂದರೆ ಬರೀ ಕಡಲೆಕಾಯಿ ಅಲ್ಲವಲ್ಲ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ಬಳೆ, ಬತ್ತಾಸು, ಪೀಪಿ, ಬಲೂನು, ಪ್ಲಾಸ್ಟಿಕ್ ಆಟಿಕೆ. ಸಂಜೆ ಹೊತ್ತಿಗೆ ಅಪ್ಪ ಸೇರಿನಲ್ಲಿ ಅಳೆದು ಅಳೆದು ಮೂರು ಚೀಲ ಮುಗಿಸಿದ್ದರು. ಆಟಿಕೆ ಅಂಗಡಿ ಮುಂದೆ ನಾವಿಬ್ಬರೂ ಕದಲದೆ ನಿಂತುಬಿಟ್ಟೆವು.

"ನೂರೈವತ್ತು" ಅಂದ ಅಂಗಡಿಯವನು.

"ನೂರಿಪ್ಪತ್ತು ಕೊಡ್ತೀನಿ, ಸೆಲ್ ನೀನೇ ಹಾಕ್ಕೊಡಪ್ಪ" ಅಂದರು ಅಪ್ಪ.

ಒಂದೇ ಪೆಟ್ಟಿಗೆ, ಮಕ್ಕಳು ಇಬ್ಬರು. ಟೆಂಪೋದಲ್ಲಿ ವಾಪಸ್ ಬರುವಾಗಲೇ ಅಪ್ಪ ಕಾನೂನು ಮಾಡಿದರು: ಇಟ್ಟಿಗೆ ಮೇಲಕ್ಕೆ ಮುಟ್ಟಿತೋ, ಆಟ ಮುಗೀತು, ಇನ್ನೊಬ್ಬರಿಗೆ ಕೊಡಬೇಕು. ಆ ಕಾನೂನನ್ನು ಪೆಟ್ಟಿಗೆಯೇ ಪಾಲಿಸುತ್ತಿತ್ತು. ಎಷ್ಟೇ ಜಾಣನಾಗಿರಲಿ, ಇಟ್ಟಿಗೆ ಬೀಳುವ ವೇಗ ಏರುತ್ತಾ ಹೋಗಿ ಕೊನೆಗೆ ಸೋಲಲೇಬೇಕು.

ಜಪಾನಿನ ರೈಲಿನಿಂದ ಬಸವನಗುಡಿಗೆ

ಈ ಪೆಟ್ಟಿಗೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಾದದ್ದು ಕಾಲೇಜು ಮುಗಿದ ಮೇಲೆ. ಅದರ ವಂಶಾವಳಿ ಮೂರು ದೇಶ ಸುತ್ತುತ್ತದೆ.

ಮೊದಲನೆಯದು ಜಪಾನ್. ನಿಂಟೆಂಡೊ ಅನ್ನುವ ಕಂಪನಿ. ಅಲ್ಲಿ ಗುನ್ಪೇ ಯೊಕೊಯ್ ಅನ್ನುವ ಎಂಜಿನಿಯರ್ ಇದ್ದರು. ರೈಲಿನಲ್ಲಿ ಹೋಗುವಾಗ ಒಬ್ಬ ಪ್ರಯಾಣಿಕ ಹೊತ್ತು ಹೋಗದೆ ಜೇಬಿನ ಕ್ಯಾಲ್ಕುಲೇಟರ್ ಗುಂಡಿ ಒತ್ತುತ್ತಾ ಕೂತದ್ದನ್ನು ಅವರು ನೋಡಿದರಂತೆ. ಕ್ಯಾಲ್ಕುಲೇಟರ್ ಪರದೆ ಆಗ ತುಂಬ ಅಗ್ಗವಾಗಿತ್ತು. ಅದರಲ್ಲೇ ಆಟ ಮಾಡಿದರೆ ಹೇಗೆ? ಹಾಗೆ 1980ರಲ್ಲಿ 'ಗೇಮ್ ಆ್ಯಂಡ್ ವಾಚ್' ಬಂತು. ಒಂದು ಪೆಟ್ಟಿಗೆಗೆ ಒಂದು ಆಟ, ಜೊತೆಗೆ ಗಡಿಯಾರ. ಹೊಸ ತಂತ್ರಜ್ಞಾನದ ಹಿಂದೆ ಓಡಬೇಡಿ, ಹಳೆಯದಾಗಿ ಅಗ್ಗವಾದದ್ದನ್ನು ಹೊಸ ಕೆಲಸಕ್ಕೆ ಹಚ್ಚಿ ಅನ್ನುವುದು ಯೊಕೊಯ್ ಅವರ ದಾರಿ. ಹಳೇ ಟೈರಿನಲ್ಲಿ ಬಾನಿ ಮಾಡುವ, ಹಳೇ ಸೀರೆಯಲ್ಲಿ ಕೌದಿ ಹೊಲಿಯುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಎರಡನೆಯದು ರಷ್ಯಾ. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿದ್ದ ಅಲೆಕ್ಸಿ ಪಾಜಿಟ್ನೋವ್ ಅವರು 'ಟೆಟ್ರಿಸ್' ಅನ್ನುವ ಆಟ ಬರೆದರು. ಬೀಳುವ ಇಟ್ಟಿಗೆಗಳ ಆಟ ಅದೇ. 1989ರಲ್ಲಿ ಯೊಕೊಯ್ ತಂಡ 'ಗೇಮ್ ಬಾಯ್' ಮಾಡಿತು. ಈ ಸಲ ಪೆಟ್ಟಿಗೆ ಒಂದೇ, ಆಟದ ಕ್ಯಾಸೆಟ್ ಬದಲಿಸಿದರೆ ಆಟ ಬದಲು. ನಾಲ್ಕು ಪೆನ್ ಸೆಲ್ ಹಾಕಿದರೆ ಹತ್ತು ಗಂಟೆಗೂ ಹೆಚ್ಚು ಆಡಬಹುದಿತ್ತು. ಅಮೆರಿಕದಲ್ಲಿ ಅದರ ಜೊತೆ ಟೆಟ್ರಿಸ್ ಸೇರಿಸಿಯೇ ಮಾರಿದರು. ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಸೇರಿ ಒಟ್ಟು 11.8 ಕೋಟಿಗೂ ಹೆಚ್ಚು ಮಾರಾಟವಾದವು.

ಮೂರನೆಯದು ಚೀನಾ. ಗೇಮ್ ಬಾಯ್ ಬೆಲೆ ಶುರುವಿನಲ್ಲಿ ಅಮೆರಿಕದಲ್ಲಿ ಸುಮಾರು 90 ಡಾಲರ್. ಅಷ್ಟು ಕೊಡಲಾರದವರಿಗಾಗಿ ಅಲ್ಲಿನ ಕಾರ್ಖಾನೆಗಳು ಟೆಟ್ರಿಸ್ ಒಂದನ್ನೇ ಹಿಡಿದು, ಕ್ಯಾಲ್ಕುಲೇಟರಿನಂಥ ಪರದೆ ಹಾಕಿ, ಅಗ್ಗದ ಪೆಟ್ಟಿಗೆ ಮಾಡಿ ಲೋಕಕ್ಕೆಲ್ಲ ಕಳಿಸಿದವು. ಅಡ್ಡ 10, ಉದ್ದ 20 ಚೌಕಗಳ ಪರದೆ. 9999 ಆಟ ಅನ್ನುವುದು ಬುರುಡೆ. ಎಣಿಸಿದರೆ ಹತ್ತು-ಹದಿನೈದು ಆಟ. ವೇಗ ಬದಲಾದರೆ ಒಂದು, ಹಂತ ಬದಲಾದರೆ ಇನ್ನೊಂದು ಅಂತ ಲೆಕ್ಕ ಹಿಡಿದು ಸಂಖ್ಯೆ ಬೆಳೆಸಿದ್ದರು. ನನ್ನ ಟ್ರಂಕಿನಲ್ಲಿ ಸಿಕ್ಕಿದ್ದು ಇದು.

ಬೆಂಗಳೂರಿನಲ್ಲಿ ಇಂಥ ಸಾಮಾನು ಸಿಗುತ್ತಿದ್ದುದು ಹಳೇ ಪೇಟೆಯ ಎಸ್.ಪಿ. ರಸ್ತೆ, ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ. ಆಟಿಕೆ ಮಾರುವವರು ಮೂಟೆ ಕಟ್ಟಿಕೊಂಡು ಪರಿಷೆಗೆ, ಅಲ್ಲಿಂದ ಊರೂರ ಜಾತ್ರೆಗೆ ಒಯ್ಯುತ್ತಿದ್ದರು. ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ.

ವಠಾರದ ಓನರ್ ಮನೆ ಹುಡುಗ

ಅಸಲಿ ಗೇಮ್ ಬಾಯ್ ನಾನು ನೋಡಿದ್ದು ಒಂದೇ ಕಡೆ. ನಮ್ಮ ಚಿಕ್ಕಪ್ಪ ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದರು. ಬೇಸಿಗೆ ರಜೆಗೆ ನಾವು ಅಲ್ಲಿಗೆ ಹೋಗುತ್ತಿದ್ದೆವು. ವಠಾರದ ಓನರ್ ಮಗ ಅಮೆರಿಕದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮೊಮ್ಮಗ ರಜೆಗೆ ಬಂದಾಗ ಅವನ ಕೈಯಲ್ಲಿ ನೇರಳೆ ಬಣ್ಣದ ಗೇಮ್ ಬಾಯ್. ನಾವು ವಠಾರದ ಹುಡುಗರು ಅವನ ಬೆನ್ನ ಹಿಂದೆ ಸಾಲಾಗಿ ನಿಂತು ಅವನ ಭುಜದ ಮೇಲಿಂದ ಇಣುಕುತ್ತಿದ್ದೆವು.

ಆ ಕಾಲದಲ್ಲಿ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿ. ದುಬಾರಿ ಗೇಮು ಬರುತ್ತಿದ್ದುದು ಹೆಚ್ಚಾಗಿ ಅವರ ಸೂಟ್‌ಕೇಸಿನಲ್ಲಿ. ಇದಕ್ಕೆ ಕಾರಣವೂ ಇತ್ತು. ಬಳಕೆಯ ವಸ್ತುಗಳನ್ನು ಹೊರದೇಶದಿಂದ ತರಿಸಲು ಭಾರತದಲ್ಲಿ ಬಹಳ ಕಾಲ ನಿರ್ಬಂಧಗಳಿದ್ದವು. 1991ರಿಂದ ಒಂದೊಂದಾಗಿ ಸಡಿಲವಾಗಿ, ಪಟ್ಟಿಯಲ್ಲಿ ಉಳಿದಿದ್ದ ಕೊನೆಯ 715 ಬಾಬತ್ತುಗಳ ಮೇಲಿನ ಪರಿಮಾಣದ ಮಿತಿ ತೆಗೆದದ್ದು 2001ರ ಏಪ್ರಿಲ್ 1ಕ್ಕೆ. ಸುಂಕ ಕಟ್ಟಿ ಬಂದ ಸಾಮಾನಿನ ಬೆಲೆಯೂ ನಮ್ಮ ಕೈಗೆ ಎಟುಕುವಂಥದ್ದಲ್ಲ.

ಹೀಗೆ ಒಂದೇ ಊರಿನಲ್ಲಿ ಎರಡು ವಿಡಿಯೋ ಗೇಮ್ ಇದ್ದವು. ಸೂಟ್‌ಕೇಸಿನಲ್ಲಿ ಬಂದದ್ದು ಒಂದು, ಮೂಟೆಯಲ್ಲಿ ಬಂದದ್ದು ಇನ್ನೊಂದು. ನಮ್ಮೂರಿಗೆ ತಲುಪಿದ್ದು ಮೂಟೆಯದು.

ಒಳಗೇನಿತ್ತು

ಪೆಟ್ಟಿಗೆ ಎರಡು ವರ್ಷದಲ್ಲಿ ಕೆಟ್ಟಿತು. ಪರದೆಯಲ್ಲಿ ಎರಡು ಉದ್ದ ಸಾಲು ಕಾಣದಾಯಿತು, ಬಲಗಡೆ ಗುಂಡಿ ಒತ್ತಿದರೆ ಕೇಳದಾಯಿತು. ಅಪ್ಪ ಅದನ್ನು ನಮ್ಮ ಹೋಬಳಿಯ ರೇಡಿಯೋ, ಟಿವಿ ರಿಪೇರಿಯವರ ಹತ್ತಿರ ಒಯ್ದರು. ಅವರು ನಾಲ್ಕು ಸ್ಕ್ರೂ ಬಿಚ್ಚಿ ನಮಗೂ ತೋರಿಸಿದರು.

ಗುಂಡಿಗಳ ಅಡಿಯಲ್ಲಿ ಒಂದು ರಬ್ಬರ್ ಹಾಳೆ, ಅದರ ಹಿಂಬದಿಯಲ್ಲಿ ಕಪ್ಪು ಚುಕ್ಕಿಗಳು. ಗುಂಡಿ ಒತ್ತಿದಾಗ ಆ ಕಪ್ಪು ಚುಕ್ಕಿ ಕೆಳಗಿನ ಬೋರ್ಡಿನ ಎರಡು ಗೆರೆಗಳನ್ನು ಜೋಡಿಸುತ್ತದೆ. ಟಿವಿ ರಿಮೋಟಿನಲ್ಲೂ ಇದೇ. ಕೊಳೆ ಕೂತರೆ ಗುಂಡಿ ಕೇಳುವುದಿಲ್ಲ, ಒರೆಸಿದರೆ ಸರಿ. ಪರದೆ ಮತ್ತು ಬೋರ್ಡಿನ ನಡುವೆ ಬೆರಳುದ್ದದ ಇನ್ನೊಂದು ರಬ್ಬರ್ ಪಟ್ಟಿ. ಅದರೊಳಗೆ ಕರೆಂಟ್ ಹರಿಯುವ ಪದರ, ಹರಿಯದ ಪದರ ಒಂದರ ಪಕ್ಕ ಒಂದು, ಜೀಬ್ರಾ ಮೈಮೇಲಿನ ಪಟ್ಟೆಯ ಹಾಗೆ. ಅದು ಸ್ವಲ್ಪ ಜರುಗಿದರೂ ಪರದೆಯಲ್ಲಿ ಸಾಲು ಮಾಯ. ಒರೆಸಿ, ಒತ್ತಿ ಕೂರಿಸಿದರು. ಸಾಲು ಬಂತು.

ಮಧ್ಯದಲ್ಲಿ ಕರೀ ಡಾಂಬರಿನ ಬೊಟ್ಟಿನಂಥದ್ದೊಂದು ಇತ್ತು. "ಇದರೊಳಗೆ ಚಿಪ್ ಇದೆ. ಇದು ಹೋದರೆ ಮಾತ್ರ ಬಿಸಾಕಬೇಕು" ಅಂದರು. ಹತ್ತು ರೂಪಾಯಿ ತಗೊಂಡರು.

ಇದನ್ನು ಇಷ್ಟು ಉದ್ದ ಹೇಳುವುದಕ್ಕೆ ಕಾರಣ ಇದೆ. ಹೋಬಳಿಯ ರಿಪೇರಿ ಅಂಗಡಿಯಲ್ಲಿ ಬಿಚ್ಚಿ ನೋಡಬಹುದಾದ ಕೊನೆಯ ಗೇಮು ಅದು. ಅದರೊಳಗೆ ಬಚ್ಚಿಟ್ಟದ್ದು ಏನೂ ಇರಲಿಲ್ಲ.

ಹಾವು ಬಂತು

ಗೇಮನ್ನು ನುಂಗಿದ್ದು ಸ್ಮಾರ್ಟ್‌ಫೋನ್ ಅನ್ನುತ್ತೇವೆ. ಆದರೆ ಮೊದಲ ತುತ್ತು ತಿಂದದ್ದು ಗುಂಡಿ ಮೊಬೈಲು.

1997ರಲ್ಲಿ ನೋಕಿಯಾ 6110 ಅನ್ನುವ ಫೋನಿನಲ್ಲಿ 'ಸ್ನೇಕ್' ಅನ್ನುವ ಹಾವಿನ ಆಟ ಬಂತು. ಬರೆದದ್ದು ಆ ಕಂಪನಿಯ ಟನೆಲಿ ಅರ್ಮಾಂಟೊ. ಹಾವು ತಿಂದಷ್ಟೂ ಉದ್ದವಾಗುತ್ತದೆ, ತನ್ನ ಬಾಲ ತಾನೇ ಕಚ್ಚಿದರೆ ಆಟ ಮುಗಿಯಿತು. ನಮ್ಮ ಕಡೆ ಮೊಬೈಲು ಮನೆಮನೆಗೆ ಬಂದದ್ದು 2003ರ ನಂತರ. ಆ ವರ್ಷ ಒಳಬರುವ ಕರೆಗೆ ದುಡ್ಡು ಕೊಡುವುದು ತಪ್ಪಿತು. ಅದೇ ವರ್ಷ ನೋಕಿಯಾ 1100 ಬಂತು. ಟಾರ್ಚ್ ಇತ್ತು, ಧೂಳಿಗೆ ಜಗ್ಗುತ್ತಿರಲಿಲ್ಲ. ಜಗತ್ತಿನಲ್ಲಿ 25 ಕೋಟಿ ಮಾರಾಟವಾದ ಆ ಫೋನಿನಲ್ಲೂ ಹಾವಿನ ಆಟ ಇತ್ತು.

ಅಪ್ಪ ಆ ಫೋನು ತಂದದ್ದು ಮಂಡಿಯವರ ಜೊತೆ ಮಾತಾಡಲು. ಕರೆಂಟ್ ಹೋದ ರಾತ್ರಿ ಅದು ನಮ್ಮ ಕೈಗೆ ಬರುತ್ತಿತ್ತು. ಇಟ್ಟಿಗೆ ಪೆಟ್ಟಿಗೆಗೆ ಸೆಲ್ ತರಿಸುವುದು ನಿಂತದ್ದು ಆಗಲೇ.

ಎರಡನ್ನೂ ಒಂದೇ ಪೆಟ್ಟಿಗೆ ಮಾಡುವ ಯೋಚನೆ ನೋಕಿಯಾಗೂ ಬಂತು. 2003ರಲ್ಲೇ 'ಎನ್-ಗೇಜ್' ಅನ್ನುವ ಗೇಮಿಂಗ್ ಫೋನ್ ತಂದರು. ಆಟದ ಕಾರ್ಡ್ ಬದಲಿಸಬೇಕಾದರೆ ಬ್ಯಾಟರಿಯನ್ನೇ ಕಳಚಬೇಕಿತ್ತು. ಮಾತಾಡಲು ಫೋನನ್ನು ಕಿವಿಗೆ ಅಡ್ಡಡ್ಡ ಹಿಡಿಯಬೇಕಿತ್ತು. ಜನ ನಕ್ಕರು. ಅಂದುಕೊಂಡಷ್ಟು ಮಾರಾಟ ಆಗಲಿಲ್ಲ.

ಟಾಟಾ ಇನ್‌ಸ್ಟಿಟ್ಯೂಟಿನ ಪೆಟ್ಟಿಗೆ

ಇದೇ ಹೊತ್ತಿಗೆ ಬೆಂಗಳೂರಿನಲ್ಲೇ ಅಂಗೈಯಗಲದ ಇನ್ನೊಂದು ಯಂತ್ರ ಹುಟ್ಟಿತ್ತು. ಅದು ಆಟದ ಪೆಟ್ಟಿಗೆ ಅಲ್ಲ, ಆದರೂ ಈ ಕಥೆಯಲ್ಲಿ ಅದಕ್ಕೆ ಜಾಗ ಇದೆ.

ಮಲ್ಲೇಶ್ವರದ ಹದಿನೆಂಟನೇ ಕ್ರಾಸ್ ದಾಟಿ ಮುಂದೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ. ಊರವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿನ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಕಂಪನಿಯವರು ಸೇರಿ 'ಸಿಂಪ್ಯೂಟರ್' ಅನ್ನುವ ಅಂಗೈ ಕಂಪ್ಯೂಟರ್ ರೂಪಿಸಿದರು. ಗುರಿ ನಾವೇ, ಅಂದರೆ ಹಳ್ಳಿಯವರು. ಓದು ಬಾರದವರೂ ಪರದೆ ಮುಟ್ಟಿ ಬಳಸಬೇಕು, ಯಂತ್ರವೇ ಕನ್ನಡದಲ್ಲಿ, ಹಿಂದಿಯಲ್ಲಿ ಓದಿ ಹೇಳಬೇಕು ಅನ್ನುವ ಆಸೆ. ಒಂದು ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲಿ, ಪ್ರತಿಯೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡ್ ಇರಲಿ ಅನ್ನುವ ಯೋಜನೆ.

2004ರಲ್ಲಿ ಸರ್ಕಾರಿ ಸ್ವಾಮ್ಯದ ಬಿಇಎಲ್ ಕಾರ್ಖಾನೆ 'ಅಮಿಡಾ ಸಿಂಪ್ಯೂಟರ್' ತಯಾರಿಸಿ ಮಾರಾಟಕ್ಕೆ ಬಿಟ್ಟಿತು. ಯಂತ್ರವನ್ನು ಓರೆ ಮಾಡಿದರೆ ಅದು ಗುರುತಿಸುತ್ತಿತ್ತು. ಫೋನನ್ನು ಸ್ಟೀರಿಂಗಿನ ಹಾಗೆ ತಿರುಗಿಸಿ ಇವತ್ತು ಮಕ್ಕಳು ಕಾರು ಓಡಿಸುತ್ತಾರಲ್ಲ, ಅದರ ಹಿಂದಿರುವ ಸಂವೇದಕ ಅದು. ಐಫೋನ್ ಬಂದದ್ದು ಇದಾಗಿ ಮೂರು ವರ್ಷಕ್ಕೆ. ನಮ್ಮ ರಾಜ್ಯದಲ್ಲಿ ಭೂ ದಾಖಲೆ ಕೆಲಸಕ್ಕೂ ಸಿಂಪ್ಯೂಟರನ್ನು ಬಳಸಿದರು.

ಬೆಲೆ ಶುರುವಾಗುತ್ತಿದ್ದುದು ಸುಮಾರು 10,000 ರೂಪಾಯಿಗೆ. ಆಗ ಅದರ ಅರ್ಧಕ್ಕಿಂತ ಕಡಿಮೆಗೆ ಮೊಬೈಲು ಸಿಗುತ್ತಿತ್ತು, ಮಾತೂ ಆಡಬಹುದಿತ್ತು. ಮಾರಬೇಕು ಅಂದುಕೊಂಡದ್ದು 50,000, ಮೊದಲ ವರ್ಷ ಮಾರಾಟವಾದದ್ದು ಸುಮಾರು 4,000. ಜನ ಎರಡು ಯಂತ್ರ ಕೊಳ್ಳುವುದಿಲ್ಲ, ಜೇಬಿನಲ್ಲಿ ಒಂದಕ್ಕೇ ಜಾಗ, ಆ ಜಾಗ ಮಾತಾಡುವ ಯಂತ್ರದ್ದು. ಮಲ್ಲೇಶ್ವರದ ಪಕ್ಕದಲ್ಲಿ ಸಿಂಪ್ಯೂಟರ್ ಕಲಿತ ಈ ಪಾಠವನ್ನು ಜಪಾನಿನ ದೊಡ್ಡ ಕಂಪನಿಗಳು ಏಳು ವರ್ಷ ತಡವಾಗಿ ಕಲಿತವು.

ಮಾರಾಟ ಬಿದ್ದದ್ದು ಹೀಗೆ

2004ರ ಕೊನೆಗೆ ನಿಂಟೆಂಡೊ ತನ್ನ 'ಡಿಎಸ್' ಅನ್ನೂ, ಸೋನಿ ತನ್ನ 'ಪಿಎಸ್‌ಪಿ'ಯನ್ನೂ ತಂದವು. ಪಿಎಸ್‌ಪಿ ಬೆಂಗಳೂರಿನ ಅಂಗಡಿಗಳ ಗಾಜಿನ ಹಿಂದೆಯೂ ಕೂತಿತು. ಆದರೆ ನಮ್ಮ ಜಾತ್ರೆವರೆಗೆ ಬರಲಿಲ್ಲ. ಜಗತ್ತಿನಲ್ಲಿ ಡಿಎಸ್ 15.4 ಕೋಟಿ ಮಾರಾಟವಾಯಿತು, ಪಿಎಸ್‌ಪಿ ಏಳೂವರೆ ಕೋಟಿ ದಾಟಿತು. ಕೈಗೇಮಿನ ಸುಗ್ಗಿ ಅಂದರೆ ಅದು.

2008ರ ಜುಲೈನಲ್ಲಿ ಆ್ಯಪಲ್ ಕಂಪನಿ ಆಪ್ ಸ್ಟೋರ್ ತೆರೆಯಿತು. ಆ ವರ್ಷವೇ ಆಂಡ್ರಾಯ್ಡ್ ಫೋನುಗಳಿಗೂ ಅಂಥದ್ದೇ ಅಂಗಡಿ ಬಂತು. 2009ರ ಕೊನೆಗೆ 'ಆ್ಯಂಗ್ರಿ ಬರ್ಡ್ಸ್', 2011ಕ್ಕೆ 'ಟೆಂಪಲ್ ರನ್', 2012ಕ್ಕೆ 'ಸಬ್‌ವೇ ಸರ್ಫರ್ಸ್'. ಒಂದು ಕ್ಯಾಸೆಟ್ಟಿನ ಬೆಲೆಯಲ್ಲಿ ಇಂಥ ಹತ್ತಾರು ಆಟ. ಕೆಲವಂತೂ ಪುಕ್ಕಟೆ.

2011ರಲ್ಲಿ ನಿಂಟೆಂಡೊ 'ತ್ರೀಡಿಎಸ್' ತಂದಿತು, 250 ಡಾಲರಿಗೆ. ಕೊಳ್ಳುವವರು ಬರಲಿಲ್ಲ. ಆರು ತಿಂಗಳು ತುಂಬುವ ಮೊದಲೇ ಬೆಲೆಯನ್ನು 170 ಡಾಲರಿಗೆ ಇಳಿಸಿದರು. ಕಂಪನಿಯ ಅಧ್ಯಕ್ಷ ಸತೊರು ಇವಾಟ ತಮ್ಮ ಸಂಬಳವನ್ನು ಅರ್ಧಕ್ಕೆ ಕಡಿತ ಮಾಡಿಕೊಂಡರು. 2012ರ ಮಾರ್ಚ್‌ಗೆ ಮುಗಿದ ಲೆಕ್ಕದ ವರ್ಷದಲ್ಲಿ ಕಂಪನಿ ನಷ್ಟ ತೋರಿಸಿತು. ತ್ರೀಡಿಎಸ್ ಕೊನೆಗೂ ಚೇತರಿಸಿಕೊಂಡು 7.6 ಕೋಟಿಗೆ ನಿಂತಿತು. ಸೋನಿಯ 'ವೀಟಾ' ಅಷ್ಟೂ ಓಡಲಿಲ್ಲ. ಹೊರಗಿನವರ ಅಂದಾಜು ಒಂದೂವರೆ ಕೋಟಿಯ ಆಸುಪಾಸು. ಎರಡನ್ನೂ ಕೂಡಿಸಿದರೂ ಹಿಂದಿನ ಜೋಡಿಯ ಅರ್ಧ ಆಗುವುದಿಲ್ಲ. 2019ರಲ್ಲಿ ವೀಟಾ, 2020ರಲ್ಲಿ ತ್ರೀಡಿಎಸ್ ತಯಾರಿಕೆ ನಿಂತವು.

ಕೈಗೇಮು ಪೂರ್ತಿ ಸತ್ತಿಲ್ಲ. ಟಿವಿಗೂ ಜೋಡಿಸಬಹುದಾದ, ಕೈಯಲ್ಲೂ ಆಡಬಹುದಾದ ನಿಂಟೆಂಡೊ 'ಸ್ವಿಚ್' 2017ರಲ್ಲಿ ಬಂದು 15 ಕೋಟಿ ದಾಟಿದೆ. ಆದರೆ ಅದು ಫೋನ್ ಜೊತೆಗೆ ಇನ್ನೊಂದು ಯಂತ್ರ ಕೊಳ್ಳಬಲ್ಲವರ ಸಾಮಾನು. ಸೂಟ್‌ಕೇಸಿನಲ್ಲಿ ಬಂದ ಗೇಮಿಗೆ ಇವತ್ತೂ ಒಂದು ಮನೆ ಇದೆ. ಜಾಗ ಕಳೆದುಕೊಂಡದ್ದು ಮೂಟೆಯಲ್ಲಿ ಬಂದದ್ದು.

ಪುಕ್ಕಟೆ ಆಟದ ಲೆಕ್ಕ

ನಮ್ಮೂರಿನಲ್ಲಿ ಬದಲಾವಣೆ ಕಂಡದ್ದು 2016ರ ನಂತರ. ಆ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. 2018ರಲ್ಲಿ 'ಪಬ್‌ಜಿ' ಮೊಬೈಲಿಗೆ ಬಂದಾಗ ಬಸ್‌ಸ್ಟಾಂಡಿನ ಕಟ್ಟೆ ಮೇಲೆ ಹುಡುಗರೆಲ್ಲ ಅಡ್ಡಡ್ಡ ಫೋನು ಹಿಡಿದು ಕೂತರು. ನ್ಯಾಯವಾಗಿ ಹೇಳಬೇಕಾದರೆ ಅದರಲ್ಲಿ ಒಂದು ಸಮಾನತೆ ಇತ್ತು. ಚಾಮರಾಜಪೇಟೆ ವಠಾರದಲ್ಲಿ ನಾನು ಭುಜದ ಮೇಲಿಂದ ಇಣುಕಿದ್ದೆ. ಈಗ ನಮ್ಮೂರ ಹುಡುಗ ಮಲ್ಲೇಶ್ವರದ ಹುಡುಗನ ಜೊತೆ ಒಂದೇ ಮೈದಾನದಲ್ಲಿ, ಒಂದೇ ಆಟ ಆಡುತ್ತಿದ್ದ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು, 2021ರಲ್ಲಿ ಬೇರೆ ಹೆಸರಿನಲ್ಲಿ ವಾಪಸ್ ಬಂತು.

ಆದರೆ ಮಾರಾಟದ ಅಂಕಿಗಿಂತ ದೊಡ್ಡ ಬದಲಾವಣೆ ಇನ್ನೊಂದು ನಡೆದಿತ್ತು. 2009ರ ಅಕ್ಟೋಬರ್‌ನಲ್ಲಿ ಆ್ಯಪಲ್ ಒಂದು ನಿಯಮ ಬದಲಿಸಿತು: ಪುಕ್ಕಟೆ ಆಪ್ ಒಳಗೂ ದುಡ್ಡು ಪಡೆಯಬಹುದು. ಕೇಳಲು ಸಣ್ಣದು. ಆದರೆ ಅಲ್ಲಿಂದ ಆಟ ಮಾಡುವವರ ಲೆಕ್ಕವೇ ತಿರುಗಿಬಿತ್ತು.

ಹಿಂದೆ ಕಂಪನಿಗೆ ದುಡ್ಡು ಬರುತ್ತಿದ್ದುದು ನೀವು ಪೆಟ್ಟಿಗೆ ಕೊಂಡಾಗ ಒಮ್ಮೆ, ಕ್ಯಾಸೆಟ್ ಕೊಂಡಾಗ ಇನ್ನೊಮ್ಮೆ. ಆಮೇಲೆ ನೀವು ಹತ್ತು ನಿಮಿಷ ಆಡಿದರೂ ಒಂದೇ, ಹತ್ತು ವರ್ಷ ಆಡಿದರೂ ಒಂದೇ. ಪುಕ್ಕಟೆ ಆಟದಲ್ಲಿ ಹಾಗಲ್ಲ. ನೀವು ಆಡುತ್ತಾ ಇದ್ದರೆ ಮಾತ್ರ ಜಾಹೀರಾತು ಕಾಣುತ್ತದೆ, ನಡುವೆ ಸಿಕ್ಕಿಹಾಕಿಕೊಂಡರೆ ಮಾತ್ರ ದುಡ್ಡು ಬಿಚ್ಚುತ್ತೀರಿ. ಹಾಗಾಗಿ ಆಟ ಮುಗಿಯಬಾರದು. 'ಕ್ಯಾಂಡಿ ಕ್ರಷ್' ನೋಡಿ. ಐದು ಜೀವ ಕೊಡುತ್ತದೆ. ಸೋತು ಸೋತು ಐದೂ ಹೋದರೆ ಅರ್ಧ ಗಂಟೆ ಕಾದರೆ ಒಂದು ಜೀವ ಬರುತ್ತದೆ. ಕಾಯಲಾರೆ ಅನ್ನುವವರು ದುಡ್ಡು ಕೊಡಬಹುದು. ನಮ್ಮ ಇಟ್ಟಿಗೆ ಪೆಟ್ಟಿಗೆ ಸೋತವರನ್ನು ಎಬ್ಬಿಸಿ ಕಳಿಸುತ್ತಿತ್ತು. ಇದು ಸೋತವರನ್ನು ಕೂರಿಸಿಕೊಳ್ಳುತ್ತದೆ.

ಗೂಡು ಮಾರಿದ ದುಡ್ಡು

ಇನ್ನೊಂದು ಮಾತು ಹೇಳದೆ ಈ ಬರಹ ಮುಗಿಸಿದರೆ ಅದು ಸುಳ್ಳಾಗುತ್ತದೆ.

ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, ರೇಷ್ಮೆ ಬೆಳೆಯುತ್ತಾರೆ. ಎರಡು ವರ್ಷದ ಹಿಂದೆ ರಾಮನಗರದಲ್ಲಿ ಗೂಡು ಮಾರಿದ ದುಡ್ಡು ಬ್ಯಾಂಕಿಗೆ ಬಂದಿತ್ತು. ಒಂದು ಇಸ್ಪೀಟಿನ ಆಪಿನಲ್ಲಿ ಮೊದಲು ನೂರು ರೂಪಾಯಿ ಗೆದ್ದರು. ಒಂದೂವರೆ ತಿಂಗಳಲ್ಲಿ 82,000 ಹೋಯಿತು. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹಿಂದೆ ಇಸ್ಪೀಟು ಆಡುವವರು ತೋಟದ ಕಡೆ ಹೋಗಬೇಕಿತ್ತು, ಊರಿಗೆಲ್ಲ ಗೊತ್ತಾಗುತ್ತಿತ್ತು. ಅಣ್ಣ ಜಗಲಿ ಮೇಲೆ, ಅತ್ತಿಗೆ ಪಕ್ಕದಲ್ಲೇ ಕೂತು ಕಳೆದರು.

ಎಲ್ಲ ಮೊಬೈಲ್ ಆಟವೂ ಜೂಜಲ್ಲ. ಇಟ್ಟಿಗೆ ಜೋಡಿಸುವ ಆಟಕ್ಕೂ ದುಡ್ಡು ಕಟ್ಟುವ ಇಸ್ಪೀಟಿಗೂ ಸಂಬಂಧ ಇಲ್ಲ ಅನ್ನಬಹುದು. ಆದರೆ ಅವೆರಡೂ ಇರುವುದು ಒಂದೇ ಪರದೆಯಲ್ಲಿ. ಆಟದ ನಡುವೆ ಬರುವ ಜಾಹೀರಾತಿನಿಂದ ಇಸ್ಪೀಟಿಗೆ ಒಂದು ಬೆರಳಿನ ದೂರ, ಇಸ್ಪೀಟಿನಿಂದ ಬ್ಯಾಂಕಿಗೆ ಇನ್ನೊಂದು ಬೆರಳಿನ ದೂರ. 2016ರಲ್ಲಿ ಯುಪಿಐ ಬಂದ ಮೇಲೆ ಆ ದೂರ ಇನ್ನೂ ಕಡಿಮೆಯಾಯಿತು. ನಮ್ಮ ಪರಿಷೆ ಪೆಟ್ಟಿಗೆ ಎಷ್ಟೇ ಹುಚ್ಚು ಹಿಡಿಸಿದರೂ ಅಪ್ಪನ ಜೇಬಿಗೆ ಕೈ ಹಾಕುವ ದಾರಿ ಅದಕ್ಕೆ ಗೊತ್ತಿರಲಿಲ್ಲ. ಹೆಚ್ಚೆಂದರೆ ಸೆಲ್ ಕೇಳುತ್ತಿತ್ತು.

ಸರ್ಕಾರಗಳು ಸುಮ್ಮನೆ ಕೂರಲಿಲ್ಲ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿ ದುಡ್ಡಿನ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಅದನ್ನು ಪ್ರಶ್ನಿಸಿ ಕಂಪನಿಗಳು ಕೋರ್ಟಿಗೆ ಹೋದವು. ಅಣ್ಣನ 82,000 ಮಾತ್ರ ವಾಪಸ್ ಬಂದಿಲ್ಲ. ಅತ್ತಿಗೆಯ ಓಲೆ ಇನ್ನೂ ಸೊಸೈಟಿಯಲ್ಲಿ ಅಡವಿದೆ.

ಮೂರು ಪೆನ್ ಸೆಲ್

ಹಳೇದೇ ಚೆನ್ನಾಗಿತ್ತು ಅನ್ನುವುದು ನನ್ನ ಮಾತಲ್ಲ. ಫೋನಿನಲ್ಲಿ ಪಹಣಿ ಬರುತ್ತದೆ, ಗೂಡಿನ ರೇಟು ಬರುತ್ತದೆ, ನೀವು ಈ ಬರಹ ಓದುತ್ತಿರುವುದೂ ಅದರಲ್ಲೇ. ಆ ಪೆಟ್ಟಿಗೆ ತಂದ 120 ರೂಪಾಯಿಯೂ ಅಪ್ಪನಿಗೆ ಆ ದಿನ ಸಣ್ಣ ದುಡ್ಡಲ್ಲ.

ನಾನು ಹೇಳುವುದು ಇಷ್ಟೇ. ಕೈಗೇಮಿನ ಮಾರಾಟ ಬಿದ್ದದ್ದು ಅದು ಕೆಟ್ಟ ಯಂತ್ರ ಅಂತಲ್ಲ. ಜೇಬಿನಲ್ಲಿ ಆಗಲೇ ಇನ್ನೊಂದು ಯಂತ್ರ ಇತ್ತು, ಅದರಲ್ಲಿ ಆಟ ಪುಕ್ಕಟೆ ಸಿಕ್ಕಿತು ಅಂತ. ಪುಕ್ಕಟೆ ಸಿಕ್ಕಾಗ ನಾವು ಮೂರು ಅನುಕೂಲ ಬಿಟ್ಟುಕೊಟ್ಟೆವು. ಒಮ್ಮೆ ಕೊಂಡರೆ ಅದು ನಮ್ಮದು. ಕೆಟ್ಟರೆ ಹೋಬಳಿಯಲ್ಲೇ ರಿಪೇರಿ. ಆಟಕ್ಕೆ ಒಂದು ಕೊನೆ. ಬಿಟ್ಟುಕೊಟ್ಟದ್ದು ಗೊತ್ತಿದ್ದರೆ, ಮಕ್ಕಳ ಕೈಗೆ ಫೋನು ಕೊಡುವಾಗ ಏನನ್ನು ನಾವೇ ಕೈಯಾರೆ ವಾಪಸ್ ಇಡಬೇಕು ಅನ್ನುವುದೂ ಗೊತ್ತಾಗುತ್ತದೆ. ಆಟದ ಫೋನಿನಲ್ಲಿ ಬ್ಯಾಂಕಿನ ಆಪ್ ಇರಬಾರದು ಅನ್ನುವುದು ನಮ್ಮ ಮನೆಯಲ್ಲಿ ಈಗಿನ ಕಾನೂನು.

ಅಂಗಡಿಯಿಂದ ಮೂರು ಪೆನ್ ಸೆಲ್ ತಂದು ಹಾಕಿದೆ. ಒಂದು ಸಾಲು ಕಾಣಲಿಲ್ಲ, ಒತ್ತಿ ಹಿಡಿದರೆ ಬಂತು. ಕುಂಯ್ ಅಂತ ಹಳೇ ರಾಗ ಹಾಡಿ ಇಟ್ಟಿಗೆ ಬೀಳಲು ಶುರುವಾಯಿತು. ಅಕ್ಕನ ಮಗ ಮೊದಲ ಸಲ ಎರಡು ನಿಮಿಷಕ್ಕೆ ಸೋತ. ಪರದೆ ತುಂಬಿ, ಖಾಲಿಯಾಗಿ, ಸುಮ್ಮನಾಯಿತು. ಅವನು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕಾದ.

"ಈಗೇನ್ ಮಾಡ್ಬೇಕು?" ಅಂದ.

ಅಡುಗೆ ಮನೆಯಿಂದ ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದಳು. "ಈಗ ನಂಗೆ ಕೊಡ್ಬೇಕು" ಅಂದಳು.